ಪಾಯ ತೆಗೆದ ದಿನವೇ ಕೇಳಬೇಕಾದ ಪ್ರಶ್ನೆ

ಬೆಂಗಳೂರಿನ ಯಾವುದೋ ಬಡಾವಣೆಯ ಅಡ್ಡರಸ್ತೆ. ಹಳೆಯ ಮನೆಯೊಂದು ಉರುಳಿದೆ, ಜೆಸಿಬಿ ಬಂದು ಪಾಯ ತೆಗೆಯುತ್ತಿದೆ. ಅಕ್ಕಪಕ್ಕದವರು ಗೇಟಿನ ಬಳಿ ನಿಂತು ನೋಡುತ್ತಾರೆ. ಎಷ್ಟು ಮಹಡಿ ಏಳಬಹುದು? ಅಡುಗೆಮನೆಯ ಕಿಟಕಿಗೆ ಬೆಳಕು ಉಳಿದೀತೆ? ಪಿ.ಜಿ. ಮಾಡಿದರೆ ಬೀದಿಯ ನೀರು ಸಾಕಾದೀತೆ? ಇಷ್ಟೆಲ್ಲ ಮನಸ್ಸಿನಲ್ಲಿ ಇದ್ದರೂ ಬಾಯಿಬಿಟ್ಟು ಕೇಳುವವರು ಕಡಿಮೆ. ನೆರೆಹೊರೆಯ ದಾಕ್ಷಿಣ್ಯ ಒಂದು ಕಡೆ, 'ಅವರ ಸೈಟು, ಅವರ ದುಡ್ಡು, ಕೇಳೋಕೆ ನಾವ್ಯಾರು' ಎಂಬ ಹಿಂಜರಿಕೆ ಇನ್ನೊಂದು ಕಡೆ. ಐದನೆಯ ಮಹಡಿಯ ಮೋಲ್ಡ್ ಬಿದ್ದ ಮೇಲೆ ಎಲ್ಲರಿಗೂ ಸಿಟ್ಟು ಬರುತ್ತದೆ. ಆದರೆ ಅಷ್ಟು ಹೊತ್ತಿಗೆ ಕಾನೂನಿನ ದಾರಿ ಬಹಳ ಉದ್ದವಾಗಿರುತ್ತದೆ.

ಕೇಳುವ ಹಕ್ಕು ನೆರೆಯವರಿಗೆ ಇದೆ. ಕಟ್ಟಡದ ಬೈಲಾಗಳಲ್ಲಿ ಹೆಚ್ಚಿನವು ಹುಟ್ಟಿದ್ದೇ ಪಕ್ಕದ ಮನೆಯವರನ್ನು, ಎದುರುಮನೆಯವರನ್ನು, ಬೀದಿಯಲ್ಲಿ ನಡೆದು ಹೋಗುವವರನ್ನು ಕಾಪಾಡುವುದಕ್ಕಾಗಿ.

ಈ ನಗರದ ಚರಿತ್ರೆಯಲ್ಲೇ ಅದಕ್ಕೆ ಸಾಕ್ಷಿ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಾದ, ಗಾಳಿ ಬೆಳಕು ಆಡದ ಓಣಿಗಳಲ್ಲಿ ಜನ ಸಾಲುಸಾಲಾಗಿ ಸತ್ತರು. ಬಸವನಗುಡಿ, ಮಲ್ಲೇಶ್ವರಗಳು ಬೇಗ ಬೆಳೆದದ್ದು ಆ ಭೀತಿಯ ನಂತರ. ಅಗಲವಾದ ನೇರ ರಸ್ತೆ, ಮನೆಗೂ ಮನೆಗೂ ನಡುವೆ ಅಂತರ, ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್ ಎಂದು ಕರೆಯುವ ಸಣ್ಣ ಓಣಿ, ಇವೆಲ್ಲ ಅಲ್ಲಿ ಆರೋಗ್ಯದ ಲೆಕ್ಕದಲ್ಲಿ ಬಂದವು. ಇವತ್ತು ಸೆಟ್‌ಬ್ಯಾಕ್ ಎಂದು ಬಿಡಬೇಕಾದ ಜಾಗದ ಹಿಂದೆ ಇರುವುದೂ ಅದೇ ಯೋಚನೆ. ಆ ಜಾಗದಿಂದ ಪಕ್ಕದ ಮನೆಗೆ ಬೆಳಕು ಹೋಗುತ್ತದೆ, ಮಳೆನೀರು ಇಳಿಯುತ್ತದೆ, ಬೆಂಕಿ ಬಿದ್ದರೆ ಏಣಿ ನಿಲ್ಲುತ್ತದೆ.

ಎರಡನೆಯ ಮುಖ್ಯ ನಿಯಮ ಎಫ್‌ಎಆರ್, ಅಂದರೆ ಸೈಟಿನ ಅಳತೆಗೂ ಕಟ್ಟಬಹುದಾದ ಒಟ್ಟು ವಿಸ್ತೀರ್ಣಕ್ಕೂ ಇರುವ ಅನುಪಾತ. ಹೆಸರು ಕೇಳಿ ಹೆದರುವವರುಂಟು, ಲೆಕ್ಕ ಮಾತ್ರ ಬಹಳ ಸರಳ. 2007ರಲ್ಲಿ ಮಂಜೂರಾದ ಪರಿಷ್ಕೃತ ಮಹಾಯೋಜನೆ 2015ರ ವಲಯ ನಿಯಮಗಳು 360 ಚದರ ಮೀಟರ್‌ವರೆಗಿನ ವಸತಿ ಸೈಟುಗಳಿಗೆ ಇಟ್ಟ ಮೂಲ ಎಫ್‌ಎಆರ್ 1.75, ನೆಲದ ಮೇಲೆ ಆವರಿಸಬಹುದಾದ ಭಾಗ ಶೇ. 75. ಊರಿನಲ್ಲಿ ಎಲ್ಲರೂ ತರ್ಟಿ ಫಾರ್ಟಿ ಎನ್ನುವ ಸೈಟನ್ನೇ ತೆಗೆದುಕೊಂಡರೆ ಅದರ ಅಳತೆ 1,200 ಚದರ ಅಡಿ. ನೆಲದ ಮೇಲೆ ಆವರಿಸಬಹುದಾದದ್ದು 900 ಚದರ ಅಡಿ. ಎಲ್ಲ ಮಹಡಿಗಳೂ ಸೇರಿ 2,100 ಚದರ ಅಡಿ. ನೆಲಮಹಡಿ 900, ಮೊದಲ ಮಹಡಿ 900 ಕಟ್ಟಿದರೆ ಮೇಲೆ ಉಳಿಯುವುದು 300, ಅಂದರೆ ಒಂದು ಕೋಣೆಯಷ್ಟು. ಈಗ ಅದೇ ಅಳತೆಯ ಸೈಟಿನಲ್ಲಿ ಕೆಳಗೆ ಪಾರ್ಕಿಂಗ್ ಬಿಟ್ಟು, ಮೇಲೆ ಸಾವಿರ ಸಾವಿರ ಚದರ ಅಡಿಯ ನಾಲ್ಕು ಮಹಡಿ ಎದ್ದಿದೆ ಎಂದರೆ, ಪಾರ್ಕಿಂಗ್ ಲೆಕ್ಕಕ್ಕೆ ಬರದಿದ್ದರೂ ಕಟ್ಟಡ 4,000 ಚದರ ಅಡಿ ಆಯಿತು. ಆ ಮೂಲ ಮಿತಿಯ ಹೆಚ್ಚುಕಡಿಮೆ ಎರಡು ಪಟ್ಟು. ಎದುರುಮನೆಯ ತಾರಸಿಯಿಂದ ಮಹಡಿ ಎಣಿಸಿದರೂ ಈ ಅಂದಾಜು ಸಿಗುತ್ತದೆ.

ಕಟ್ಟುವಾಗ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ ಎಂಬುದನ್ನು ನಿಯಮವೂ ಒಪ್ಪುತ್ತದೆ. ಬೆಂಗಳೂರಿನ 2003ರ ಕಟ್ಟಡ ಬೈಲಾ ಅದಕ್ಕೆ ಶೇ. 5ರ ಸಡಿಲಿಕೆ ಇಟ್ಟಿತು. ಮೇಸ್ತ್ರಿಯ ದಾರ ನಾಲ್ಕು ಇಂಚು ಜರುಗಿದ್ದಕ್ಕೆ ಅದು ಸಾಕು. ಒಂದು ಇಡೀ ಮಹಡಿ ಆ ಐದರಲ್ಲಿ ಅಡಗುವುದಿಲ್ಲ.

ನಿಯಮ ನಡೆಯುವುದು ಕಾಗದದ ಮೇಲೆ. ಆ ಕಾಗದಗಳ ಸಾಲು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಮೊದಲನೆಯದು ಖಾತಾ. ಪಾಲಿಕೆಯ ತೆರಿಗೆ ಪುಸ್ತಕದಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಹೇಳುವ ದಾಖಲೆ ಇದು. ಮಾಲೀಕತ್ವಕ್ಕೆ ಕ್ರಯಪತ್ರವೇ ಬೇಕು. ಎರಡನೆಯದು ನಕ್ಷೆ ಮಂಜೂರಾತಿ, ಅಂದರೆ ಪ್ಲಾನ್ ಸ್ಯಾಂಕ್ಷನ್. ಇದಿಲ್ಲದೆ ಪಾಯ ತೆಗೆಯುವಂತಿಲ್ಲ. 50x80 ಅಡಿವರೆಗಿನ ಸೈಟಿನ ಮನೆಗಳಿಗೆ 2024ರಿಂದ 'ನಂಬಿಕೆ ನಕ್ಷೆ' ಎಂಬ ವ್ಯವಸ್ಥೆ ಬಂದಿದೆ. ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ನಕ್ಷೆಯನ್ನು ದೃಢೀಕರಿಸಿ ಆನ್‌ಲೈನ್‌ನಲ್ಲಿ ಹಾಕಿದರೆ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ, ಕಚೇರಿಯ ಪರಿಶೀಲನೆ ಆಮೇಲೆ ನಡೆಯುತ್ತದೆ. ಮೂರನೆಯದು ಕೆಲಸ ಶುರು ಮಾಡಲು ಕೊಡುವ ಆರಂಭ ಪ್ರಮಾಣಪತ್ರ, ಸಿಸಿ. ದೊಡ್ಡ ಕಟ್ಟಡಗಳಲ್ಲಿ ಇದರ ತೂಕ ಹೆಚ್ಚು. ನಾಲ್ಕನೆಯದು ಸ್ವಾಧೀನಾನುಭವ ಪತ್ರ, ಎಲ್ಲರ ಬಾಯಲ್ಲಿ ಓಸಿ.

ಓಸಿಗೆ ಬೈಲಾ ಇಟ್ಟಿರುವ ಗಡುವುಗಳನ್ನು ಮನೆ ಕಟ್ಟಿಸುವವರೂ ಫ್ಲಾಟ್ ಕೊಳ್ಳುವವರೂ ಬರೆದಿಟ್ಟುಕೊಳ್ಳಬೇಕು. 2003ರ ಬೈಲಾ ಪ್ರಕಾರ ಪರವಾನಗಿ ಸಿಕ್ಕ ಐದು ವರ್ಷದೊಳಗೆ ಕಟ್ಟಡ ಮುಗಿಯಬೇಕು. ಮುಗಿದ ಒಂದು ತಿಂಗಳಲ್ಲಿ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಪ್ರಮಾಣಪತ್ರದೊಂದಿಗೆ ಓಸಿಗೆ ಅರ್ಜಿ ಹಾಕಬೇಕು. ಅಧಿಕಾರಿ ಸ್ಥಳಕ್ಕೆ ಬಂದು ಅಳೆದು, 30 ದಿನದೊಳಗೆ ಹೌದು ಅಥವಾ ಇಲ್ಲ ಎಂದು ಲಿಖಿತವಾಗಿ ತಿಳಿಸಬೇಕು. ಗಡುವು ಎರಡೂ ಕಡೆಗೆ ಇದೆ ಎಂಬುದು ಇಲ್ಲಿ ಮುಖ್ಯ. ಮಾಲೀಕ ತಡಮಾಡಿದರೆ ಅವನು ತಪ್ಪುಗಾರ, ಕಚೇರಿ ಸುಮ್ಮನಿದ್ದರೆ ಕಚೇರಿ ತಪ್ಪುಗಾರ.

ಸರಪಳಿ ಕಡಿಯುವ ಜಾಗ ಮಂಜೂರಾತಿಗೂ ಓಸಿಗೂ ನಡುವಿನದು. ನಕ್ಷೆಯಲ್ಲಿ ಮೂರು ಮಹಡಿ, ಸೈಟಿನಲ್ಲಿ ಐದು. ಈ ನಡುವಿನ ತಿಂಗಳುಗಳಲ್ಲಿ ಯಾರೂ ಟೇಪು ಹಿಡಿದು ಬಾರದೆ ಹೋದರೆ ಏನಾಗುತ್ತದೆ ಎಂಬುದನ್ನು ನಗರ ಬಹಳ ದುಬಾರಿಯಾಗಿ ಕಲಿತಿದೆ. 1983ರ ಸೆಪ್ಟೆಂಬರ್ 12ರಂದು ಕಪಾಲಿ ಚಿತ್ರಮಂದಿರದ ಹತ್ತಿರ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡಾಗ, ಹೊಗೆಯಲ್ಲಿ ಸಿಕ್ಕವರಿಗೆ ಹೊರಗೆ ಬರುವ ದಾರಿ ಇರಲಿಲ್ಲ. ಒಂಬತ್ತು ಮಂದಿ ಪ್ರಾಣ ಬಿಟ್ಟರು. ಅಲ್ಲಿ ತಮ್ಮವರನ್ನು ಕಳೆದುಕೊಂಡವರು 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಸ್ಥೆ ಕಟ್ಟಿ ಅಗ್ನಿಸುರಕ್ಷತೆಗಾಗಿ ಕೆಲಸ ಮಾಡುತ್ತಿದ್ದಾರೆ. 2024ರ ಅಕ್ಟೋಬರ್ 22ರಂದು, ಮಳೆ ಸುರಿಯುತ್ತಿದ್ದ ಮಧ್ಯಾಹ್ನ, ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕೆಲಸಗಾರರ ಮೇಲೆಯೇ ಕುಸಿಯಿತು. ಬೇರೆ ಊರುಗಳಿಂದ ಕೂಲಿಗೆ ಬಂದವರು ಅದರ ಅಡಿಯಲ್ಲಿ ಸತ್ತರು. ಬೈಲಾ ಉಲ್ಲಂಘನೆಯನ್ನು ಕಾಗದದ ತಪ್ಪು ಎಂದು ತಳ್ಳಿಹಾಕುವ ಪ್ರತಿಯೊಬ್ಬರೂ ಈ ಮೂರು ತಾರೀಖುಗಳನ್ನು ನೆನಪಿನಲ್ಲಿಡಬೇಕು.

ಹಾಗಿದ್ದರೂ ಜನ ಯಾಕೆ ಮೀರಿ ಕಟ್ಟುತ್ತಾರೆ? 'ಮುಂದೆ ಹೇಗೂ ಸಕ್ರಮ ಆಗುತ್ತೆ' ಎಂಬ ನಂಬಿಕೆ ದೊಡ್ಡ ಕಾರಣ. ಅಕ್ರಮ ಸಕ್ರಮ ಯೋಜನೆಯ ಕಥೆಯನ್ನು ಇಂಥವರು ಪೂರ್ತಿ ಕೇಳಬೇಕು. ವಸತಿ ಕಟ್ಟಡದಲ್ಲಿ ಶೇ. 50ರವರೆಗೆ, ಇತರ ಕಟ್ಟಡಗಳಲ್ಲಿ ಶೇ. 25ರವರೆಗೆ ಉಲ್ಲಂಘನೆ ಇದ್ದರೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುವ ಅವಕಾಶ ಅದರಲ್ಲಿತ್ತು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಸಕ್ರಮದ ಆಸೆಯಲ್ಲಿ ಕಟ್ಟಿದವರು ಅಲ್ಲಿಗೆ ನಡುನೀರಿನಲ್ಲಿ ನಿಂತರು. ಇನ್ನು ಕೆಲವರು ಆಸ್ತಿ ತೆರಿಗೆಯ ರಸೀದಿ ತೋರಿಸಿ 'ಪಾಲಿಕೆಯೇ ತೆರಿಗೆ ತಗೊಂಡಿದೆಯಲ್ಲ' ಎನ್ನುತ್ತಾರೆ. ಅನಧಿಕೃತ ಕಟ್ಟಡಕ್ಕೆ ಎರಡು ಪಟ್ಟು ತೆರಿಗೆ ಹಾಕುವ ಅಧಿಕಾರ ಪಾಲಿಕೆಗೆ ಇದೆ. ತೆರಿಗೆ ಕಟ್ಟಿದ್ದರಿಂದ ಕಟ್ಟಡ ಸಕ್ರಮ ಆಗುವುದಿಲ್ಲ ಎಂದೂ ಕಾನೂನು ಸ್ಪಷ್ಟವಾಗಿ ಹೇಳುತ್ತದೆ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಈ ಲೆಕ್ಕಾಚಾರವನ್ನು ಇನ್ನಷ್ಟು ಬಿಗಿಗೊಳಿಸಿತು. ಉತ್ತರ ಪ್ರದೇಶದ ಮೀರತ್‌ನ ಒಂದು ಪ್ರಕರಣದಲ್ಲಿ ಬಂದರೂ ಅದರ ನಿರ್ದೇಶನಗಳು ದೇಶಕ್ಕೆಲ್ಲ ಅನ್ವಯಿಸುತ್ತವೆ. ಕಟ್ಟುವಷ್ಟು ಕಾಲವೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು. ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲಿಸಬೇಕು. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡುವಂತಿಲ್ಲ. ಬ್ಯಾಂಕುಗಳೂ ಓಸಿ ನೋಡಿಯೇ ಸಾಲ ಕೊಡಬೇಕು.

ಇದರ ಬಿಸಿ ಬೆಂಗಳೂರಿಗೆ 2025ರಲ್ಲಿ ತಟ್ಟಿತು. ಬೆಸ್ಕಾಂ ಕೌಂಟರುಗಳಲ್ಲಿ ಮೊದಲ ಪ್ರಶ್ನೆಯೇ ಓಸಿ ಎಲ್ಲಿ ಎಂಬುದಾಯಿತು. ಗೃಹಪ್ರವೇಶಕ್ಕೆ ದಿನ ಇಟ್ಟಿದ್ದ ಮನೆಗಳಿಗೆ ಮೀಟರ್ ಬರಲಿಲ್ಲ. ನಿವೃತ್ತಿಯ ದುಡ್ಡೆಲ್ಲ ಸುರಿದು ಕಟ್ಟಿಸಿದವರು, ಓಸಿ ಎಂಬ ಕಾಗದದ ಹೆಸರನ್ನೇ ಆ ದಿನ ಮೊದಲ ಸಲ ಕೇಳಿದವರು, ಕಚೇರಿಯಿಂದ ಕಚೇರಿಗೆ ಅಲೆದರು. ಅವರ ಸಂಕಟ ನಿಜವಾದದ್ದು, ಅವರಿಗೆ ಮೊದಲೇ ಹೇಳುವವರು ಯಾರೂ ಇರಲಿಲ್ಲ. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ 1,200 ಚದರ ಅಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮತ್ತು ಮೇಲೆರಡು ಮಹಡಿ, ಇಲ್ಲವೆ ಕೆಳಗೆ ಸ್ಟಿಲ್ಟ್ ಪಾರ್ಕಿಂಗ್ ಮತ್ತು ಮೇಲೆ ಮೂರು ಮಹಡಿಯ ವಾಸದ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಡಲು ಒಪ್ಪಿತು. ವಿನಾಯಿತಿ ಇರುವುದು ಓಸಿಗೆ. ನಕ್ಷೆ ಮಂಜೂರಾತಿ ಎಂದಿನಂತೆ ಬೇಕೇ ಬೇಕು.

ಇನ್ನು, ನೋಟಿಸು ತಮ್ಮ ಮನೆಯ ಬಾಗಿಲಿಗೇ ಬಂದರೆ? ಅನೇಕರು ಹೆದರಿ ಅದನ್ನು ಮಡಿಸಿ ಬೀರುವಿನಲ್ಲಿಡುತ್ತಾರೆ, ಇಲ್ಲವೆ ಮಧ್ಯವರ್ತಿಯ ಕೈಗೆ ಕೊಡುತ್ತಾರೆ. ಎರಡೂ ಅಪಾಯ. ಅನಧಿಕೃತ ಕಟ್ಟಡದ ಮೇಲಿನ ಕ್ರಮಕ್ಕೆ ಕಾನೂನಿನಲ್ಲಿ ಮೆಟ್ಟಿಲುಗಳಿವೆ. ಮೈಸೂರು, ಹುಬ್ಬಳ್ಳಿ ಧಾರವಾಡ, ಮಂಗಳೂರಿನಂಥ ನಗರಗಳಿಗೆ ಅನ್ವಯಿಸುವ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 321ನೆಯ ಸೆಕ್ಷನ್ ಅದನ್ನು ಹೀಗೆ ಇಡುತ್ತದೆ: ಮೊದಲು ತಾತ್ಕಾಲಿಕ ಆದೇಶ, ಅದರ ಜೊತೆ ಕಾರಣ ಕೇಳುವ ಷೋಕಾಸ್ ನೋಟಿಸು, ಉತ್ತರ ಒಪ್ಪಿಗೆಯಾಗದಿದ್ದರೆ ದೃಢೀಕರಣದ ಆದೇಶ. ನೋಟಿಸಿಗೆ ನಿಗದಿತ ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟು, ನಕ್ಷೆಯ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆದವರಿಗೆ ಮುಂದಿನ ಎಲ್ಲ ಹಂತದಲ್ಲೂ ಕಾಲೂರಲು ನೆಲ ಇರುತ್ತದೆ.

2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಬುಲ್ಡೋಜರ್ ಕಾರ್ಯಾಚರಣೆಗಳ ಬಗ್ಗೆ ಕೊಟ್ಟ ತೀರ್ಪು ಈ ರಕ್ಷಣೆಯನ್ನು ಇನ್ನೂ ಗಟ್ಟಿ ಮಾಡಿತು. ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಬೇಕು, ಕಟ್ಟಡಕ್ಕೂ ಅಂಟಿಸಬೇಕು. ಉತ್ತರಕ್ಕೆ 15 ದಿನ ಕೊಡಬೇಕು, ಮಾಲೀಕರ ಅಹವಾಲನ್ನು ಎದುರಿಗೆ ಕೇಳಬೇಕು. ಅಂತಿಮ ಆದೇಶದಲ್ಲಿ ಕಾರಣ ಬರೆಯಬೇಕು, ಆ ಆದೇಶದ ನಂತರವೂ 15 ದಿನ ಕಾಯಬೇಕು. ಕೆಡವುವುದನ್ನು ವಿಡಿಯೊದಲ್ಲಿ ದಾಖಲಿಸಬೇಕು. ಇದನ್ನು ಮೀರಿದ ಅಧಿಕಾರಿ ಸ್ವಂತ ಜೇಬಿನಿಂದ ನಷ್ಟ ತುಂಬಿಕೊಡಬೇಕಾಗುತ್ತದೆ. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿ, ಕೆರೆ ನದಿಗಳ ಮೇಲಿನ ಒತ್ತುವರಿಗೆ ಈ ರಕ್ಷಣೆ ಇಲ್ಲ ಎಂದೂ ಅದೇ ತೀರ್ಪು ಹೇಳಿದೆ.

ಈ ಕೊನೆಯ ಮಾತು ಬೆಂಗಳೂರಿನವರಿಗೆ ಬಹಳ ಹತ್ತಿರದ್ದು. 2016ರ ಆಗಸ್ಟ್‌ನಲ್ಲಿ ರಾಜಕಾಲುವೆ ಒತ್ತುವರಿ ತೆರವು ನಡೆದಾಗ ಅರಕೆರೆ ಕಡೆಯ ಅವನಿ ಶೃಂಗೇರಿನಗರದಲ್ಲಿ ಮನೆಗಳು ನೆಲಕ್ಕುರುಳಿದವು. ದಾಖಲೆ ಸರಿ ಇದೆ ಎಂದು ನಂಬಿ ಕೊಂಡಿದ್ದವರು ಕಡತ ಹಿಡಿದು ಬೀದಿಯಲ್ಲಿ ನಿಂತಿದ್ದರು. ಮಾರಿದವರು ತೋರಿಸಿದ ಕಾಗದಗಳನ್ನು ಮಾತ್ರ ಅವರು ನೋಡಿದ್ದರು. ಜಾಗದಲ್ಲಿ ಕಾಲುವೆ ಇತ್ತೇ ಎಂದು ಹೇಳುವುದು ಹಳೆಯ ಗ್ರಾಮನಕ್ಷೆ. ಆ ನಕ್ಷೆಯನ್ನು ಈಗ ಫೋನಿನಲ್ಲೇ ನೋಡಬಹುದು. ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ 'ದಿಶಾಂಕ್' ಆ್ಯಪ್ ತೆರೆದು ಸೈಟಿನ ಮೇಲೆ ನಿಂತರೆ ಸರ್ವೆ ನಂಬರ್ ಬರುತ್ತದೆ, ಅಲ್ಲಿ ಕೆರೆಯೋ ಕಾಲುವೆಯೋ ದಾರಿಯೋ ಇದ್ದರೆ ಗೆರೆ ಕಾಣುತ್ತದೆ. ಮಹಾಯೋಜನೆ 2015ರ ಪ್ರಕಾರ ಕೆರೆಯಿಂದ 30 ಮೀಟರ್, ಕಾಲುವೆಗಳ ದರ್ಜೆಗೆ ತಕ್ಕಂತೆ ಮಧ್ಯದಿಂದ 50, 25, 15 ಮೀಟರ್ ಬಿಡಬೇಕು. ಹಸಿರು ನ್ಯಾಯಮಂಡಳಿ 2016ರಲ್ಲಿ ಈ ಅಂತರ ಹೆಚ್ಚಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ ಮಹಾಯೋಜನೆಯ ಅಳತೆಯನ್ನೇ ಉಳಿಸಿತು. ಮುಂಗಡ ಕೊಡುವ ಮೊದಲು ಸೈಟಿನ ಮೇಲೆ ಹತ್ತು ನಿಮಿಷ ಫೋನ್ ಹಿಡಿದು ನಿಲ್ಲುವುದು ಕೊಳ್ಳುವ ಪ್ರತಿಯೊಬ್ಬರ ಕೆಲಸ ಆಗಬೇಕು.

ಫುಟ್‌ಪಾತಿನ ವಿಷಯದಲ್ಲಿ ಒಂದು ನ್ಯಾಯದ ಮಾತಿದೆ. ದೂರು ಕೊಡುವವರ ಬೆರಳು ಮೊದಲು ತೋರುವುದು ತಳ್ಳುಗಾಡಿಯ ಕಡೆಗೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡುತ್ತದೆ, ತೆರವು ಮಾಡುವ ಮೊದಲು 30 ದಿನದ ನೋಟಿಸು ಬೇಕೆನ್ನುತ್ತದೆ. ಅದೇ ಬೀದಿಯಲ್ಲಿ ಕಾರು ಹತ್ತಿಸಲು ಫುಟ್‌ಪಾತಿನ ಮೇಲೆ ಕಟ್ಟಿದ ಕಾಂಕ್ರೀಟ್ ರ‍್ಯಾಂಪಿಗೆ, ಕಾಂಪೌಂಡಿನ ಆಚೆ ಬೇಲಿ ಹಾಕಿ ಬೆಳೆಸಿದ ತೋಟಕ್ಕೆ ಯಾವ ಕಾಯ್ದೆಯ ಆಸರೆಯೂ ಇಲ್ಲ. ವಯಸ್ಸಾದವರು ಫುಟ್‌ಪಾತ್ ಇಳಿದು ವಾಹನಗಳ ನಡುವೆ ನಡೆಯುವಂತಾಗಿರುವುದಕ್ಕೆ ಈ ರ‍್ಯಾಂಪುಗಳೂ ಹೊಣೆ.

ದಿನನಿತ್ಯದ ಕೆಲವು ನಿಯಮಗಳನ್ನು ಬೇಗ ಹೇಳಿಬಿಡಬಹುದು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವಂತಿಲ್ಲ. ಆ ಹೊತ್ತಿನಲ್ಲಿ ಕಾಂಕ್ರೀಟ್ ಯಂತ್ರ ಗುಡುಗಿದರೆ 112ಕ್ಕೆ ಕರೆ ಮಾಡಬಹುದು. ಸ್ವಂತ ಕಾಂಪೌಂಡಿನ ಮರವನ್ನು ಕಡಿಯುವುದಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆಯಡಿ, ಕೆಲವು ಜಾತಿಗಳ ಹೊರತು, ವೃಕ್ಷಾಧಿಕಾರಿಯ ಅನುಮತಿ ಬೇಕು. 1,200 ಚದರ ಅಡಿ ಮತ್ತು ಅದಕ್ಕೂ ದೊಡ್ಡ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ, ಇಲ್ಲದಿದ್ದರೆ ಜಲಮಂಡಳಿಯ ಬಿಲ್ಲಿನಲ್ಲೇ ದಂಡ ಬರುತ್ತದೆ. ಹೇಗೆ ಮಾಡಿಸಬೇಕೆಂದು ಕಣ್ಣಾರೆ ನೋಡಲು ಜಯನಗರ 5ನೇ ಬ್ಲಾಕಿನಲ್ಲಿ ಮಂಡಳಿಯ ಮಳೆನೀರು ಕೊಯ್ಲು ಉದ್ಯಾನವಿದೆ.

ಈಗ ಮತ್ತೆ ಕೇಳುವ ವಿಷಯ. ಪಕ್ಕದ ಸೈಟಿನಲ್ಲಿ ಪಾಯ ತೆಗೆದಾಗ ಮೊದಲು ಕೇಳಬೇಕಾದ್ದು ಮಾಲೀಕರನ್ನೇ. 'ಸಾರ್, ಸ್ಯಾಂಕ್ಷನ್ ಪ್ಲಾನ್ ಹಾಕಿಸಿದ್ದೀರಾ, ಒಂದ್ಸಲ ನೋಡಬಹುದಾ?' ಎಂದು ಮರ್ಯಾದೆಯಿಂದ ಕೇಳಿದರೆ ಬಹುತೇಕರು ತೋರಿಸುತ್ತಾರೆ. ತೋರಿಸದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಅರ್ಜಿಯಲ್ಲಿ 'ಯಾಕೆ ಕ್ರಮ ಕೈಗೊಂಡಿಲ್ಲ' ಎಂದು ಕೇಳಿದರೆ ಉತ್ತರ ಬರುವುದು ಅನುಮಾನ. ದಾಖಲೆಯನ್ನು ಹೆಸರು ಹಿಡಿದು ಕೇಳಬೇಕು: ಇಂಥ ಸೈಟಿನ ಮಂಜೂರಾದ ನಕ್ಷೆಯ ಪ್ರತಿ, ಸ್ಥಳ ಪರಿಶೀಲನೆಯ ವರದಿಗಳ ಪ್ರತಿ, ಕೊಟ್ಟ ನೋಟಿಸುಗಳಿದ್ದರೆ ಅವುಗಳ ಪ್ರತಿ.

ಉಲ್ಲಂಘನೆ ಕಂಡರೆ ಬೆಂಗಳೂರಿನಲ್ಲಿ ಪಾಲಿಕೆಯ ಸಹಾಯವಾಣಿ 1533ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬಹುದು. ಅದಕ್ಕಿಂತ ಗಟ್ಟಿಯಾದದ್ದು ವಾರ್ಡ್ ಎಂಜಿನಿಯರ್ ಕಚೇರಿಗೆ ಕೊಡುವ ಲಿಖಿತ ದೂರು. ಒಂದು ಪುಟ ಸಾಕು. ಸೈಟಿನ ಸಂಖ್ಯೆ, ಅಡ್ಡರಸ್ತೆ, ಇವತ್ತಿಗೆ ಎದ್ದಿರುವ ಮಹಡಿ, ನಕ್ಷೆಯಲ್ಲಿರುವ ಮಹಡಿ, ತಾರೀಖು ಕಾಣುವ ಫೋಟೊ. ಬೈಗುಳ ಬೇಡ, ಮಾಲೀಕರ ಜಾತಿ ಊರುಗಳ ಮಾತು ಬೇಡ. ಸೀಲು ಹಾಕಿದ ಸ್ವೀಕೃತಿ ಇಲ್ಲದೆ ಕೌಂಟರ್ ಬಿಡಬಾರದು. ಹಣ ಕೇಳಿದರೆ ಲೋಕಾಯುಕ್ತವಿದೆ. ಸ್ವಂತ ಮನೆಯ ನಕ್ಷೆ, ಖಾತಾಗಳಿಗಾಗಿ ಅಲೆಯುವವರಿಗೆ 2012ರಿಂದ ರಾಜ್ಯದೆಲ್ಲೆಡೆ ಇರುವ ಸಕಾಲ ವ್ಯವಸ್ಥೆಯಿದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಕೇಳಿ ಪಡೆಯಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಸಿಗುತ್ತದೆ. ಮೊತ್ತ ಸಣ್ಣದೇ ಇರಲಿ, ತಡಮಾಡಿದ ಅಧಿಕಾರಿಯ ಹೆಸರು ಅದರಿಂದ ದಾಖಲೆಗೆ ಬರುತ್ತದೆ.

ಬೆಂಗಳೂರಿನವರು ಗಮನಿಸಬೇಕಾದ ಬದಲಾವಣೆ ಇನ್ನೊಂದಿದೆ. 2025ರ ಮೇ 15ರಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಲ್ಲಿದೆ. ಆ ವರ್ಷದ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಬಂದಿವೆ, ವಾರ್ಡುಗಳು 369 ಆಗಿವೆ. ಹಳೆಯ ವಾರ್ಡ್ ಸಂಖ್ಯೆ ಬರೆದ ದೂರು ದಾರಿ ತಪ್ಪಬಹುದು. ಆದ್ದರಿಂದ ಪ್ರತಿ ಮನೆಯವರೂ ತಮ್ಮ ಪಾಲಿಕೆ ಯಾವುದು, ವಾರ್ಡ್ ಯಾವುದು ಎಂದು ಈಗಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಕಟ್ಟಡ ನಿಯಮಗಳನ್ನು ಬದಲಿಸುವಾಗ ಸರ್ಕಾರ ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ, ಸಾಮಾನ್ಯವಾಗಿ 30 ದಿನ ಕೊಡುತ್ತದೆ. ಆ 30 ದಿನಗಳಲ್ಲಿ ಕಟ್ಟುವ ಉದ್ಯಮದವರ ಪತ್ರಗಳು ತಪ್ಪದೆ ಹೋಗುತ್ತವೆ, ಪಕ್ಕದ ಮನೆಯವರ ಪತ್ರಗಳು ಬಹಳ ವಿರಳ. ಇದಕ್ಕೆ ವಕೀಲರು ಬೇಕಿಲ್ಲ. ಕರಡಿನ ಯಾವ ನಿಯಮ, ಅದರಿಂದ ತಮ್ಮ ಬೀದಿಗೆ ಏನು ತೊಂದರೆ, ಬದಲಿಗೆ ಏನಿರಬೇಕು ಎಂದು ಕನ್ನಡದಲ್ಲೇ ಒಂದು ಪುಟ ಬರೆದು, ವಿಳಾಸ ಹಾಕಿ, ಸಹಿ ಮಾಡಿ, ಬೀದಿಯ ಹತ್ತು ಮನೆಯವರಿಂದಲೂ ಸಹಿ ಮಾಡಿಸಿ ಗಡುವಿನೊಳಗೆ ತಲುಪಿಸಿದರೆ ಅದು ಕಡತಕ್ಕೆ ಸೇರಲೇಬೇಕು.